ಅತ್ತೆಯ ಚೀಟಿಪೆಟ್ಟಿಗೆ ಮತ್ತು ಹನ್ನೊಂದು ಫೋಟೋಗಳು

ನನ್ನ ಡೈರಿಯಲ್ಲಿ ಸಾಮಾನ್ಯವಾಗಿ ಇರುವುದು ಮಗಳ ಸಂಗತಿ. ಲಸಿಕೆ ಯಾವ ತಾರೀಖಿಗೆ, ಬೇಯಿಸಿದ ಸೇಬು ಎಷ್ಟು ಚಮಚ ಒಳಗೆ ಹೋಯಿತು, ಅದರಲ್ಲಿ ಎಷ್ಟು ನನ್ನ ಮೈಮೇಲೆ ವಾಪಸು ಬಂತು, ಇಂಥವು. ಆದರೆ ಕಳೆದ ಮೂರು ವಾರಗಳ ಪುಟ ತೆಗೆದರೆ ಎಲ್ಲೆಲ್ಲೂ ಅತ್ತೆಯೇ. ಅದನ್ನೆಲ್ಲ ಒಂದು ಕಡೆ ಸೇರಿಸಿ ಬರೆದಿಡೋಣ ಎನ್ನಿಸಿತು. ಮಗಳು ದೊಡ್ಡವಳಾಗಿ, ನನ್ನ ಅಜ್ಜಿ ಹೇಗಿದ್ದಳು ಎಂದು ಕೇಳಿದಾಗ ನಾನು ತಡವರಿಸಬಾರದಲ್ಲ. ಇದರಲ್ಲಿ ಬರುವ ಇನ್ನೊಬ್ಬರಿಗೆ ಓದಿ ತೋರಿಸಿ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಅತ್ತೆ ಇಪ್ಪತ್ತೆರಡನೆಯ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದವರು. ಆಗ ದೂರದವರೊಂದಿಗೆ ಮಾತಾಡಬೇಕೆಂದರೆ ನಡುವೆ ಒಬ್ಬ ಹೆಣ್ಣುಮಗಳು ಕೂತಿರಬೇಕಿತ್ತು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ತೂತುಗಳ ಹಲಗೆ, ಎತ್ತರದ ಸ್ಟೂಲುಗಳ ಮೇಲೆ ಹನ್ನೆರಡು ಜನ ಹೆಂಗಸರು, ಕಿವಿಗೆ ಹೆಡ್‌ಫೋನು, ಎರಡೂ ಕೈಯಲ್ಲಿ ವೈರು. ಕೆಲಸ ಕಲಿಸಿದ ಮೇಲ್ವಿಚಾರಕಿ ಮೊದಲ ದಿನವೇ ಮೂರು ಮಾತು ಹೇಳಿದ್ದರಂತೆ. ಜೋಡಿಸು. ಕೇಳಿಸುತ್ತಿದೆಯೇ ಎಂದು ವಿಚಾರಿಸು. ಹಿಂದೆ ಸರಿ. ಮೂರನೆಯದು ಆಗದವರು ಈ ಸ್ಟೂಲಿನ ಮೇಲೆ ಕೂರುವುದೇ ಬೇಡ ಎಂದರಂತೆ. ಜೋಡಿಸಿದ ಮೇಲೆ ಒಂದು ಚಿಕ್ಕ ಕೀಲಿಯನ್ನು ಮೇಲೆತ್ತಿದರೆ ಆಪರೇಟರಿಗೆ ಆ ಇಬ್ಬರ ಮಾತು ಕೇಳಿಸುವುದು ನಿಲ್ಲುತ್ತದೆ. ಎತ್ತದಿದ್ದರೆ ಊರಿನ ಸಂಸಾರವೆಲ್ಲ ಕಿವಿಯೊಳಗೆ. ಅತ್ತೆ ಎತ್ತುತ್ತಿದ್ದರು.

ಇದಕ್ಕೆ ಅವರ ಮದುವೆಯೇ ಸಾಕ್ಷಿ. ಒಂದು ಮಧ್ಯಾಹ್ನ ಹಲಗೆಯ ಮೇಲೆ ದೀಪ ಹೊತ್ತಿತು. ಕರೆ ಮಾಡಿದವರು ಅವರ ಅಪ್ಪ, ಬೇಕಾದ ನಂಬರು ಹುಡುಗನ ಮನೆಯದು. ಹಿಂದಿನ ಭಾನುವಾರವಷ್ಟೇ ಹುಡುಗ ಬಂದು ನೋಡಿಕೊಂಡು ಹೋಗಿದ್ದ. ಅಪ್ಪನಿಗೆ ಮಗಳ ಧ್ವನಿ ಗುರುತು ಸಿಗಲಿಲ್ಲ, ಏಕೆಂದರೆ ಅತ್ತೆಗೆ ಆಪರೇಟರ್ ಧ್ವನಿ ಬೇರೆ, ಮನೆಯ ಧ್ವನಿ ಬೇರೆ. ಜೋಡಿಸಿದರು. "ಕೇಳಿಸ್ತಿದೆಯಾ? ಮಾತಾಡಿ," ಎಂದರು. ಕೀಲಿ ಎತ್ತಿಬಿಟ್ಟರು.

"ಪಕ್ಕದ ಸ್ಟೂಲಿನವಳು ನನ್ನ ತೊಡೆ ಚಿವುಟಿದ್ಲು ಕಣೇ, ಕೇಳಿಸ್ಕೊಳ್ಳೇ ಕತ್ತೆ ಅಂತ," ಎಂದು ಅತ್ತೆ ಈಗಲೂ ನಗುತ್ತಾರೆ.

"ಮತ್ತೆ ನಿಮಗೆ ಗೊತ್ತಾಗಿದ್ದು ಯಾವಾಗ ಅತ್ತೆ?"

"ನಾಲ್ಕು ದಿನ ಆದ್ಮೇಲೆ. ಅಪ್ಪ ಊಟಕ್ಕೆ ಕೂತಾಗ ಹೇಳಿದ್ರು. ಆ ನಾಲ್ಕು ದಿನ ನನಗೆ ಒಂದು ತುತ್ತು ಇಳಿದಿರ್ಲಿಲ್ಲ."

ಮುಂದೆ ಎಕ್ಸ್‌ಚೇಂಜಿಗೆ ತಾನೇ ಜೋಡಿಸುವ ಯಂತ್ರ ಬಂತು. ಅತ್ತೆಯನ್ನು ದೂರು ಬರೆದುಕೊಳ್ಳುವ ಕಿಟಕಿಗೆ ಹಾಕಿದರು. ಅದೇ ವರ್ಷ ಅವರು ಚರ್ಚಿನ ಚೀಟಿಪೆಟ್ಟಿಗೆಯನ್ನು ವಹಿಸಿಕೊಂಡರು. ಚರ್ಚಿನ ಬಾಗಿಲ ಪಕ್ಕ ಬೂಟಿನ ಡಬ್ಬಿಯಷ್ಟು ದೊಡ್ಡ ಮರದ ಪೆಟ್ಟಿಗೆ ಇದೆ. ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಹಾಕುತ್ತಾರೆ, ಹೆಸರು ಬರೆಯುವುದಿಲ್ಲ. ಆರಾಧನೆಯ ನಡುವೆ ಅತ್ತೆ ಎದ್ದು ನಿಂತು, ಆ ಹಳೆಯ ಆಪರೇಟರ್ ಧ್ವನಿಯಲ್ಲಿ ಒಂದೊಂದಾಗಿ ಓದುತ್ತಾರೆ. ಮಂಡಿನೋವು. ಮಗನ ಪರೀಕ್ಷೆ. ಅತ್ತಿಗೆ ಮತ್ತೆ ಮಾತಾಡಿಸುವಂತಾಗಲಿ. ಪ್ರತಿಯೊಂದಕ್ಕೂ ಸಭೆ "ಕರ್ತನೇ, ಆಲಿಸು" ಎನ್ನುತ್ತದೆ. ಮನೆಗೆ ಬಂದ ಮೇಲೆ ಅತ್ತೆ ಆ ಚೀಟಿಗಳನ್ನು ಬೋಗುಣಿಯ ನೀರಿನಲ್ಲಿ ನೆನೆಹಾಕಿ, ಚೆನ್ನಾಗಿ ಹಿಸುಕಿ, ಗುಲಾಬಿ ಕುಂಡದ ಮಣ್ಣಿಗೆ ಸೇರಿಸುತ್ತಾರೆ. "ನಮ್ಮ ಗುಲಾಬಿ ಅರಳೋದು ಊರಿನವರ ಮಂಡಿನೋವಿನ ಮೇಲೆ," ಎಂದು ನನ್ನ ಗಂಡ ರೇಗಿಸುತ್ತಾರೆ. ಹೀಗೆ ಇಪ್ಪತ್ತಾರು ವರ್ಷ.

ಎರಡು ವರ್ಷದ ಹಿಂದೆ ಚರ್ಚಿನವರದೇ ಒಂದು ಗುಂಪು ಫೋನಿನೊಳಗೆ ಹುಟ್ಟಿಕೊಂಡಿತು. ಹೆಸರು ಪ್ರಾರ್ಥನಾ ಬಳಗ. ಹುಟ್ಟಿಸಿದವರು ಮುಖ್ಯರಸ್ತೆಯ ಔಷಧಿ ಅಂಗಡಿಯವರು. ಹಾಸಿಗೆ ಹಿಡಿದವರು, ಪಾಳಿಯ ಕೆಲಸದವರು, ನನ್ನ ಹಾಗೆ ಎಳೆಕೂಸಿನ ತಾಯಂದಿರು, ಒಟ್ಟಿನಲ್ಲಿ ಭಾನುವಾರ ಬರಲಾಗದವರಿಗೆ ಚೀಟಿಗಳು ಮುಟ್ಟಲಿ ಎಂಬುದು ಉದ್ದೇಶ. ಚರ್ಚಿನಿಂದ ಬಂದ ಕೂಡಲೇ ಅತ್ತೆ ಊಟದ ಮೇಜಿಗೆ ಕೂತು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಒಂದು ಒತ್ತಕ್ಷರ ಹುಡುಕುವುದರೊಳಗೆ ಚಹಾ ಆರುತ್ತಿತ್ತು.

ಆ ಭಾನುವಾರ ಹನ್ನೊಂದು ಚೀಟಿ. ನಲವತ್ತು ನಿಮಿಷ ಕಳೆದರೂ ಮೂರೇ ಮುಗಿದಿದ್ದವು. ನಾನು ಮಗಳನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತಿದ್ದೆ. ಅವಳಿಗೆ ಮನೆಯಲ್ಲಿ ಸಾಸಿವೆ ಎಂದು ಹೆಸರು. ಹುಟ್ಟಿದಾಗ ಅಷ್ಟೇ ಇದ್ದಳು.

"ಅಷ್ಟು ಕಷ್ಟ ಯಾಕೆ ಅತ್ತೆ," ಎಂದೆ. "ಚೀಟಿ ಮೇಲೆ ಹೆಸರೇ ಇಲ್ವಲ್ಲ. ಫೋಟೋ ತೆಗೆದು ಹಾಕಿಬಿಡಿ."

ಅತ್ತೆಯ ಮುಖ ಅರಳಿತು. ಕೆಲಸವೆಂದರೆ ಅವರಿಗೆ ಅಚ್ಚುಕಟ್ಟು ಬೇಕು. ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಒಂದೊಂದೇ ಚೀಟಿಯ ಸುಕ್ಕು ತೆಗೆದರು. ಕಿಟಕಿಯ ಬೆಳಕಿಗೆ ಬಿಳಿ ಟವೆಲ್ ಹಾಸಿದರು. ಹನ್ನೊಂದು ಚೀಟಿ, ಹನ್ನೊಂದು ಫೋಟೋ. ಐದೇ ನಿಮಿಷದ ಕೆಲಸ. ಅವತ್ತು ಚಹಾ ಬಿಸಿಯಾಗಿಯೇ ಕುಡಿದರು.

ಎಂಟನೆಯ ಫೋಟೋದಲ್ಲಿ ಹೀಗಿತ್ತು: "ನಾವು ಹೇಳುವುದನ್ನು ಆ ಕಡೆ ಕೇಳುವವರು ಯಾರಾದರೂ ಇದ್ದಾರೆಯೇ ಎಂದು ಇತ್ತೀಚೆಗೆ ನನಗೆ ತಿಳಿಯುತ್ತಿಲ್ಲ. ನನಗಾಗಿ ಪ್ರಾರ್ಥಿಸಿ."

ಬೆಳಿಗ್ಗೆ ಚರ್ಚಿನಲ್ಲಿ ಅತ್ತೆ ಅದನ್ನು ಓದಿದಾಗ ಸಭೆ ಎಂದಿಗಿಂತ ಸ್ವಲ್ಪ ಗಟ್ಟಿಯಾಗಿಯೇ "ಕರ್ತನೇ, ಆಲಿಸು" ಅಂದಿತ್ತಂತೆ. ಅಲ್ಲಿಗೆ ಅದು ಮುಗಿದಿತ್ತು. ಆದರೆ ಫೋಟೋ ನೋಡಿದ ಔಷಧಿ ಅಂಗಡಿಯವರ ಕಣ್ಣು ಡಾಕ್ಟರುಗಳ ಗೀಚು ಓದಿ ಪಳಗಿದ ಕಣ್ಣು. "ಇದು ನಮ್ಮ ಆರ್ಗನ್ ಮೇಷ್ಟ್ರ ಬರವಣಿಗೆ ಅಲ್ಲವೇ? ಅಕ್ಷರದ ಬಾಲ ನೋಡಿ," ಎಂದು ಬಳಗದಲ್ಲಿ ಬರೆದುಬಿಟ್ಟರು.

ಆರ್ಗನ್ ಮೇಷ್ಟ್ರು ಎಂದರೆ ಮೂಲೆಯ ಕನ್ನಡಕದ ಅಂಗಡಿಯ ಮಾಲೀಕರು. ಒಂಟಿ ಜೀವ, ಮಿತಭಾಷಿ. ಕಾಲಿನಿಂದ ಗಾಳಿ ಒತ್ತಿ ನುಡಿಸುವ ನಮ್ಮ ಚರ್ಚಿನ ಹಳೆಯ ಆರ್ಗನ್ ಹತ್ತೊಂಬತ್ತು ವರ್ಷದಿಂದ ಅವರ ಕೈಯಲ್ಲೇ ಇದೆ. ಆ ದಿನದ ಹಾಡುಗಳ ಸಂಖ್ಯೆ ಮತ್ತು ಮೊದಲ ಸಾಲನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವರೂ ಅವರೇ. ಅವರ ಅಕ್ಷರಗಳಿಗೆ ಬೆಕ್ಕಿನ ಬಾಲದ ಹಾಗೆ ಕೆಳಗಿಳಿದು ಮೇಲೇಳುವ ಒಂದು ಸುರುಳಿ. ಅದನ್ನು ಊರಿನ ಮಕ್ಕಳೆಲ್ಲ ಅನುಕರಿಸುತ್ತಾರೆ. ಗುರುತು ಹಿಡಿಯಲು ಇನ್ನೇನು ಬೇಕು.

ಆಮೇಲೆ ಶುರುವಾಯಿತು. ಒಬ್ಬರು ಬೈಬಲ್ ವಾಕ್ಯ ಕಳಿಸಿದರು. ಇನ್ನೊಬ್ಬರು ಒಂದೂಕಾಲು ಗಂಟೆಯ ಉಪದೇಶದ ವಿಡಿಯೋ ಕಳಿಸಿದರು. ಸೂರ್ಯೋದಯದ ಚಿತ್ರ ಬಂತು. ಮೂರು ದಿನ ಉಪವಾಸ ಮಾಡಲಿ ಎಂಬ ಸಲಹೆ ಬಂತು. ಔಷಧಿ ಅಂಗಡಿಯವರು, ವಿಟಮಿನ್ ಕೊರತೆಯಿಂದಲೂ ಕೆಲವೊಮ್ಮೆ ಮನಸ್ಸು ಹೀಗಾಗುತ್ತದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಲಿ ಎಂದರು. ಯಾರೋ ಒಬ್ಬರು, ಸಂಶಯ ಇರುವವರು ಆರಾಧನೆಗೆ ನುಡಿಸುವುದು ಸರಿಯೇ ಎಂದು ಕೇಳಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಒಟ್ಟು ಮೂವತ್ತೆಂಟು ಉತ್ತರ. ಅವುಗಳ ಕೆಳಗೆ ಬೂದು ಬಣ್ಣದ ಒಂದು ಚಿಕ್ಕ ಸಾಲು: ಮೇಷ್ಟ್ರು ಬಳಗದಿಂದ ಹೊರಹೋದರು.

ಅತ್ತೆ ಇದನ್ನು ನೋಡುವ ಹೊತ್ತಿಗೆ ಸಾಸಿವೆಯ ಬಟ್ಟೆ ಮಡಿಸುತ್ತಿದ್ದರು. ಕೈಯಲ್ಲಿದ್ದ ಪುಟ್ಟ ಕಾಲುಚೀಲ ಹಾಗೇ ಉಳಿಯಿತು.

"ನಾನು ಕೀಲಿ ಎತ್ತಲಿಲ್ಲ ಕಣೇ," ಎಂದರು.

"ಫೋಟೋ ಹಾಕಿ ಅಂದಿದ್ದು ನಾನು ಅತ್ತೆ."

"ಅಂದಿದ್ದು ನೀನು, ಹಾಕಿದ್ದು ನಾನು. ಪಾಲು ಮಾಡ್ಕೊಳ್ಳೋದು ಆಮೇಲಿರ್ಲಿ. ಮೊದಲು ಅಳಿಸೋದು ಹೇಗೆ ಹೇಳು."

ಅಳಿಸಿದೆವು. ಆದರೆ ಎಪ್ಪತ್ತು ಜನ ನೋಡಿಯಾಗಿತ್ತು.

ಮುಂದಿನ ಭಾನುವಾರ ಮೇಷ್ಟ್ರು ಬರಲಿಲ್ಲ. ಕಪ್ಪು ಹಲಗೆ ಖಾಲಿ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು, ಚರ್ಚಿನಲ್ಲಿ ದಪ್ಪ ಧ್ವನಿಯವರ ಸಾಲಿನಲ್ಲಿ ನಿಂತು ಹಾಡುತ್ತಾರೆ. ಮನೆಗೆ ಬಂದು ವರದಿ ಒಪ್ಪಿಸಿದರು. "ಗಂಡಸರು ಮೂರನೇ ಚರಣ ಮುಗಿಸಿ ಕೂತಿದ್ವಿ. ಹೆಂಗಸರು ಇನ್ನೂ ಎರಡನೇದ್ರಲ್ಲೇ ಇದ್ರು. ನಡುವೆ ಪಾಸ್ಟರ್ ಒಬ್ಬರೇ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ."

ಸಮಿತಿಯವರು ಅಲ್ಲೇ ಕೂತು ಮಾತಾಡಿದರಂತೆ. ಔಷಧಿ ಅಂಗಡಿಯವರ ಹತ್ತಿರ ಒಂದು ಸ್ಪೀಕರ್ ಡಬ್ಬಿ ಇದೆ, ಎಲ್ಲ ಹಾಡುಗಳ ರಾಗ ಅದರಲ್ಲಿ ತುಂಬಿದೆ. ಬರುವ ಭಾನುವಾರ ಅದನ್ನು ಹಚ್ಚಿ ನೋಡುವುದು. ಅದರಾಚೆಯ ಭಾನುವಾರವೂ ಮೇಷ್ಟ್ರು ಬಾರದಿದ್ದರೆ ಆರ್ಗನ್ನನ್ನು ಹಿಂದಿನ ಸಾಮಾನು ಕೋಣೆಗೆ ಸಾಗಿಸುವುದು.

"ಆ ಕೋಣೆಯಲ್ಲಿ ಇಲಿ ಇವೆ," ಎಂದರು ಅತ್ತೆ. ಅಷ್ಟೇ ಅಂದಿದ್ದು. ಆದರೆ ರಾಗದ ಡಬ್ಬಿ ಒಮ್ಮೆ ಅಲ್ಲಿ ಕೂತರೆ ಆ ಮನುಷ್ಯ ಮತ್ತೆ ಬರುವುದಿಲ್ಲ ಎಂಬುದು ಅವರ ಮುಖದ ಮೇಲೆ ಬರೆದಿತ್ತು.

ಸೋಮವಾರ ಬೆಳಿಗ್ಗೆ ಅತ್ತೆ ಕನ್ನಡಕ ಬದಲಿಸಬೇಕು ಎಂದು ಹೊರಟರು. ನಾನು ಸಾಸಿವೆಯನ್ನು ಎದೆಗೆ ಕಟ್ಟಿಕೊಂಡು ಹಿಂದೆಯೇ ಹೋದೆ. ಅಂಗಡಿ ಒಂದು ಓಣಿಯಷ್ಟೇ ಅಗಲ. ಎರಡೂ ಗೋಡೆಗೆ ಕನ್ನಡಿ, ಕನ್ನಡಿಯಲ್ಲಿ ಸಾವಿರ ಕನ್ನಡಕ, ಕೊನೆಯಲ್ಲಿ ಅಕ್ಷರಗಳ ಪಟ. ಮೇಷ್ಟ್ರು ಎದ್ದು ನಿಂತರು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

"ಬನ್ನಿ ಅಮ್ಮ, ಕೂತ್ಕೊಳ್ಳಿ." ಅತ್ತೆಯ ಮೂಗಿನ ಮೇಲೆ ಭಾರದ ಪರೀಕ್ಷೆಯ ಚೌಕಟ್ಟು ಕೂರಿಸಿ ಒಂದು ಗಾಜು ಇಳಿಬಿಟ್ಟರು. "ಕೊನೇ ಸಾಲು ಓದಿ."

"ಓದಿ ಓದಿಯೇ ಈ ಗತಿ ಬಂದಿದ್ದು ಮೇಷ್ಟ್ರೇ."

ಅವರು ಗಾಜು ಬದಲಿಸಿದರು.

"ತಪ್ಪು ನಂದು," ಎಂದರು ಅತ್ತೆ, ಆ ಚೌಕಟ್ಟಿನೊಳಗಿಂದಲೇ. "ಇಪ್ಪತ್ತಾರು ವರ್ಷ ನಿಮ್ಮೆಲ್ಲರ ಅಕ್ಷರ ನಾನೊಬ್ಬಳೇ ನೋಡ್ತಿದ್ದೆ. ಅಕ್ಷರಕ್ಕೂ ಒಂದು ಮುಖ ಇರತ್ತೆ ಅನ್ನೋದೇ ಮರೆತುಹೋಯ್ತು."

ಮೇಷ್ಟ್ರ ಕೈ ನಿಂತಿತು. "ಹಾಗಿದ್ರೆ ಆ ಚೀಟಿ ನಂದು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಅದು ನಿಮ್ಮ ಮೂರನೇ ಚೀಟಿ."

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳ್ಬೇಕೋ ಅವರಿಗೆ ಹೇಳ್ದೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಮ್ಮ. ಆದ್ರೆ ನೋಡಿ, ನಾನು ಬೇಡಿದ್ದು ಒಂದು ಪ್ರಾರ್ಥನೆ. ಸಿಕ್ಕಿದ್ದು ಮೂವತ್ತೆಂಟು ಉತ್ತರ. ಅದರಲ್ಲಿ ಒಂದು ವಿಟಮಿನ್ನು."

ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರ ತುಟಿಯೂ ಒಂದಿಷ್ಟು ಸಡಿಲವಾಯಿತು.

"ಈಗ ಹೋಗಿ ಆರ್ಗನ್ ಮುಂದೆ ಕೂತೆ ಅನ್ಕೊಳ್ಳಿ. ಎಲ್ಲರೂ ಹಿಂದೆ ತಿರುಗಿ ತಿರುಗಿ ನನ್ನನ್ನೇ ನೋಡ್ತಾರೆ. ಇವತ್ತು ನಂಬಿ ನುಡಿಸ್ತಿದಾನೋ, ನಂಬದೆ ನುಡಿಸ್ತಿದಾನೋ ಅಂತ ಅಳೀತಾರೆ. ಅದು ನನ್ನ ಕೈಲಾಗಲ್ಲ."

"ಕೈ ಸುಮ್ನಿರತ್ತಾ?" ಎಂದು ಕೇಳಿದರು ಅತ್ತೆ.

ಆಗ ಅವರು ಹೇಳಿದರು. ಸಂಜೆ ಐದೂವರೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೀಬೋರ್ಡ್ ನುಡಿಸುತ್ತಾರೆ, ಫೋನ್ ಮುಂದಿಟ್ಟುಕೊಂಡು, ನೇರ ಪ್ರಸಾರ. ಪರದೆಯ ಮೇಲೆ ಎರಡು ಕೈ ಮಾತ್ರ. ಹೆಸರಿಲ್ಲ, ಮುಖವಿಲ್ಲ. ಎಲ್ಲೆಲ್ಲಿಯವರೋ ಇಪ್ಪತ್ತು ಮೂವತ್ತು ಜನ ಬಂದು ಕೇಳಿ ಹೋಗುತ್ತಾರೆ. "ಅಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ."

"ನಾನು ಬರಬಹುದಾ?" ಎಂದರು ಅತ್ತೆ. "ಫೋನ್ ಹಚ್ಚೋಕೆ ಸೊಸೆ ಬೇಕು, ಹಾಗಾಗಿ ಅವಳಿಗೂ ಗೊತ್ತಾಗತ್ತೆ. ಮೂರನೆಯವರಿಗೆ ಇಲ್ಲ."

ಮೇಷ್ಟ್ರು ರಸೀದಿಯ ಹಿಂದೆ ಆ ಪುಟದ ಹೆಸರು ಬರೆದುಕೊಟ್ಟರು. ಬೆಕ್ಕಿನ ಬಾಲ ಸಮೇತ.

ಅಂದು ಸಂಜೆ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತೆವು. ನಾನು ಸಾಸಿವೆಗೆ ಸೇಬು ತಿನ್ನಿಸುತ್ತಿದ್ದೆ. ಪರದೆಯ ಮೇಲೆ ಎರಡು ಕೈ. ಹಳೆಯ ಸಿನಿಮಾ ರಾಗ, ಆಮೇಲೊಂದು ಕುಣಿತದ ರಾಗ. ಕೆಳಗೆ ಜನರ ಮಾತು ಓಡುತ್ತಿತ್ತು. ಲಾರಿಯಣ್ಣ ಎಂಬುವರು ಚಹಾಕ್ಕೆ ಲಾರಿ ನಿಲ್ಲಿಸಿದ್ದೇನೆ ಎಂದರು. ಓದಿ ಓದಿ ತಲೆ ಕೆಟ್ಟಿದೆ ಎಂದಳು ಒಬ್ಬಳು ವಿದ್ಯಾರ್ಥಿನಿ. ಮೂರನೆಯ ರಾಗ ಶುರುವಾದಾಗ ಅತ್ತೆ ನೆಟ್ಟಗಾದರು. ಅದು ನಮ್ಮ ಹಾಡುಪುಸ್ತಕದ ನೂರ ಹನ್ನೆರಡನೆಯದು, ಪದಗಳಿಲ್ಲದೆ.

"ಚೆನ್ನಾಗಿದೆ. ಯಾವ ಸಿನಿಮಾದ್ದು?" ಎಂದು ಲಾರಿಯಣ್ಣ ಬರೆದರು.

ಅತ್ತೆಯ ಬೆರಳು ತಾನಾಗಿ ಮೇಲೆದ್ದಿತು. "ಹೇಳ್ಲಾ?"

"ಬೇಡ ಅತ್ತೆ."

"ಹೌದು, ಬೇಡ." ಬೆರಳನ್ನು ಮಡಿಲಿಗೆ ಇಳಿಸಿದರು. ಆದರೆ ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ, ಬೇರೆಯದನ್ನು ಬರೆದರು: "ಕೇಳಿಸುತ್ತಿದೆ. ಸ್ಪಷ್ಟವಾಗಿದೆ."

ಪರದೆಯ ಮೇಲಿನ ಕೈಗಳು ಒಂದು ಉಸಿರಿನಷ್ಟು ಹೊತ್ತು ತಡೆದವು. ಮತ್ತೆ ಮುಂದುವರಿದವು.

ಮಾರನೆಯ ದಿನವೂ ಅದೇ. ಅದರ ಮರುದಿನವೂ. ಅತ್ತೆಯ ಫೋನಿನಲ್ಲಿ ತಮ್ಮ ಮುಖದ ಬದಲು ಗುಲಾಬಿ ಕುಂಡದ ಚಿತ್ರವಿದೆ, ಹಾಗಾಗಿ ಅಲ್ಲಿಯವರು ಅವರನ್ನು ಗುಲಾಬಿ ಅಜ್ಜಿ ಎಂದು ಕರೆಯತೊಡಗಿದರು. ಗುರುವಾರ ಆ ವಿದ್ಯಾರ್ಥಿನಿ, ನಾಳೆ ಪರೀಕ್ಷೆ, ಇನ್ನೂ ಎರಡು ಪಾಠ ಉಳಿದಿವೆ ಎಂದಳು. ಅತ್ತೆ, "ಎಷ್ಟು ಗಂಟೆಗೆ? ಆ ಹೊತ್ತಿಗೆ ಪ್ರಾರ್ಥಿಸುತ್ತೇನೆ," ಎಂದು ಬರೆದರು. ಶುಕ್ರವಾರ ಹತ್ತು ಗಂಟೆಗೆ ಒಲೆ ಆರಿಸಿ, ಕಣ್ಣು ಮುಚ್ಚಿ ಕೂತರು. ನಾನು ಕುಕ್ಕರಿನ ಚಿಂತೆಯಲ್ಲಿದ್ದೆ.

ಅತ್ತೆ ಅವಳಿಗೆ ಬರೆದದ್ದನ್ನು ಗಮನಿಸಿದ್ದ ಲಾರಿಯಣ್ಣ ಶನಿವಾರ ಬರೆದರು: "ಗುಲಾಬಿ ಅಜ್ಜಿ, ನಮಗೂ ಮಾಡ್ತೀರಾ? ನಾನು ನಿಮ್ಮ ಪೈಕಿ ಅಲ್ಲ. ನಾಳೆ ನಮ್ಮಮ್ಮಂಗೆ ಕಣ್ಣಿನ ಆಪರೇಷನ್."

"ಕೇಳಿಸಿತು. ಮಾಡುತ್ತೇನೆ," ಎಂದು ಅತ್ತೆ ಬರೆದರು.

"ಅಷ್ಟೇನಾ ಅತ್ತೆ? ಏನಾದ್ರೂ ಧೈರ್ಯ ಹೇಳಿ," ಎಂದೆ.

"ಅವನು ಧೈರ್ಯ ಕೇಳ್ಲಿಲ್ಲ ಕಣೇ. ಲೈನ್ ಕೇಳ್ದ."

ಅಷ್ಟರಲ್ಲಿ ನನ್ನ ಗಂಡ ಬಂದರು. ಅಮ್ಮ ದಿನಾ ಸಂಜೆ ಫೋನ್ ಮುಂದೆ ಏನು ಮಾಡುತ್ತಾಳೆ ಎಂದು ಅವರು ಕೇಳಲಿಲ್ಲ. ಆ ಮನೆಯಲ್ಲಿ ಬೆಳೆದವರಿಗೆ ಕೇಳಬಾರದ್ದು ಯಾವುದೆಂದು ಗೊತ್ತಿರುತ್ತದೆ. "ಮೇಷ್ಟ್ರ ಅಂಗಡಿಗೆ ಹೋಗಿ, ಚರ್ಚಿಗೆ ಬನ್ನಿ ಅಂತ ಒಂದು ಮಾತು ಅಂದುಬಿಡಮ್ಮ," ಎಂದರು. "ನಿನ್ನ ಮಾತು ತೆಗೆದುಹಾಕಲ್ಲ ಅವರು."

"ನಾನೂ ಅಂದ್ರೆ ಮೂವತ್ತೊಂಬತ್ತನೆಯವಳಾಗ್ತೀನಿ," ಎಂದರು ಅತ್ತೆ.

ಭಾನುವಾರ ಸ್ಪೀಕರ್ ಡಬ್ಬಿ ಬಂತು. ಮೊದಲನೆಯ ಹಾಡು ಸುಸೂತ್ರ. ಎರಡನೆಯದಕ್ಕೆ ಡಬ್ಬಿ ಮದುವೆ ಮೆರವಣಿಗೆಯ ರಾಗ ಹಚ್ಚಿತು. ಮೂರನೆಯದರ ನಟ್ಟನಡುವೆ ಒಬ್ಬ ಹೆಂಗಸಿನ ದನಿಯಲ್ಲಿ ಬ್ಯಾಟರಿ ಕಡಿಮೆಯಾಗಿದೆ ಎಂದು ಘೋಷಿಸಿ ಮಲಗಿಬಿಟ್ಟಿತು. ಜನ ನಗು ನುಂಗಿಕೊಂಡು ಕೂತಿರುವಾಗ ಅತ್ತೆ ಚೀಟಿ ಓದಲು ಎದ್ದರಂತೆ. ಓದುವ ಮೊದಲು ಹೇಳಿದರಂತೆ, "ಹೋದ ವಾರಕ್ಕೆ ಹಿಂದಿನ ವಾರ ನಾನು ನಿಮ್ಮ ಅಕ್ಷರಗಳನ್ನ 'ಬಳಗ'ಕ್ಕೆ ಹಾಕ್ದೆ. ಅದು ತಪ್ಪು. ಇನ್ಮೇಲೆ ಹಾಕಲ್ಲ. ನಿಮ್ಮ ಹತ್ರ ಒಂದು ಬೇಡಿಕೆ ಇದೆ. ಇನ್ಮುಂದೆ ಚೀಟಿಗೆ ಬಳಗದಲ್ಲಿ ಉತ್ತರ ಬೇಡ. 'ಕೇಳಿಸಿತು' ಅಂತ ಬರೀರಿ. ಆಮೇಲೆ ಪ್ರಾರ್ಥನೆ ಮಾಡಿ. ಅಷ್ಟು ಸಾಕು."

ಔಷಧಿ ಅಂಗಡಿಯವರು ಎದ್ದರಂತೆ. "ಬರೀ 'ಕೇಳಿಸಿತು' ಅಂದ್ರೆ ಹೇಗಮ್ಮ? ನೋವು ಅಂತ ಬಂದೋರಿಗೆ ಮದ್ದು ಬೇಡ್ವಾ?"

"ಮದ್ದು ನಿಮ್ಮ ಅಂಗಡೀಲಿ ಕೊಡಿ. ಅಲ್ಲಿಗೆ ಬಂದು ಕೇಳ್ದೋರಿಗೆ."

ಆಗ ಪಾಸ್ಟರ್ ವೇದಿಕೆಯಿಂದಲೇ ಮೆಲ್ಲಗೆ ಅಂದರಂತೆ, ಆ ಎಂಟನೆಯ ಚೀಟಿ ನಾನೂ ಬರೆಯಬಹುದಾಗಿತ್ತು, ಬರೆದ ದಿನಗಳೂ ಇವೆ.

ಆದರೆ ಬರಲಾಗದವರಿಗೆ ಚೀಟಿ ಮುಟ್ಟುವುದು ಹೇಗೆ? ಮತ್ತೆ ಒಂದು ಬೆರಳು, ಆರಿದ ಚಹಾ? ಕೆಟ್ಟ ಉಪಾಯ ಕೊಟ್ಟವಳೇ ಒಳ್ಳೆಯದನ್ನೂ ಕೊಡಬೇಕಲ್ಲ. "ಟೈಪೂ ಬೇಡ, ಫೋಟೋನೂ ಬೇಡ ಅತ್ತೆ," ಎಂದೆ. "ನಿಮ್ಮ ಧ್ವನಿ ಇದೆಯಲ್ಲ. ಓದಿ ಕಳಿಸಿ." ಮೂರು ನಿಮಿಷದಲ್ಲಿ ಮುಗಿಯಿತು. ಕೊನೆಗೆ ಸಾಸಿವೆ ಏನೋ ಒಂದನ್ನು ಕಿರುಚಿ ಸೇರಿಸಿದಳು. ಆ ಸಂಜೆ ಬಳಗದ ತುಂಬ ಒಂದೇ ಪದ, ಸಾಲಾಗಿ: ಕೇಳಿಸಿತು. ಕೇಳಿಸಿತು. ಒಬ್ಬರು ಮಾತ್ರ, ಮಗುವಿನದೂ ಕೇಳಿಸಿತು ಎಂದು ಬರೆದಿದ್ದರು.

ಸೋಮವಾರ ಎರಡು ಕೈಗಳ ಪುಟಕ್ಕೆ ಲಾರಿಯಣ್ಣ ಬಂದು, "ಅಮ್ಮ ಪಟ್ಟಿ ಕಟ್ಕೊಂಡೇ ನನಗೆ ಬೈತಿದಾರೆ. ಎಲ್ಲ ಸರಿಯಾಯ್ತು ಅಂತಾಯ್ತು," ಎಂದರು. ಅತ್ತೆ ಚಪ್ಪಾಳೆ ತಟ್ಟಿದರು, ಸಾಸಿವೆಯೂ ತಟ್ಟಿದಳು. ಆ ವಾರವೆಲ್ಲ ಅತ್ತೆ ದಿನಕ್ಕೊಂದು "ಕೇಳಿಸುತ್ತಿದೆ" ಬರೆದರು. ಮೇಷ್ಟ್ರು ಒಂದಕ್ಕೂ ಮರುನುಡಿಯಲಿಲ್ಲ. ಬಾ ಎಂದು ಅತ್ತೆಯೂ ಅನ್ನಲಿಲ್ಲ. ನಾನಂತೂ ಕೈ ಕೈ ಹಿಸುಕಿಕೊಂಡೆ. ಆರ್ಗನ್ ಸಾಗಿಸಲು ಭಾನುವಾರ ಮಧ್ಯಾಹ್ನಕ್ಕೆ ನಾಲ್ಕು ಜನರನ್ನು ಹೇಳಿಯಾಗಿತ್ತು, ಅದರಲ್ಲಿ ನನ್ನ ಗಂಡನೂ ಒಬ್ಬರು.

ಶನಿವಾರ ಸಾಸಿವೆಯ ಮೂಗಿಗೆ ಹನಿಮದ್ದು ತರಲು ಔಷಧಿ ಅಂಗಡಿಗೆ ಹೋದೆ. ಅಂಗಡಿಯವರ ಮುಖದ ಮೇಲೆ ಹೊಚ್ಚಹೊಸ ಕನ್ನಡಕ.

"ಚೆನ್ನಾಗಿದೆ. ಎಲ್ಲಿ ಮಾಡಿಸಿದ್ರಿ?" ಎಂದೆ, ಗೊತ್ತಿದ್ದೂ.

ಅವರು ಮಗುವಿನ ತೂಕ ಕೇಳಿ ಬರೆದುಕೊಂಡು ಆಮೇಲೆ ಹೇಳಿದರು. "ಮೇಷ್ಟ್ರ ಹತ್ರ ಹೋಗಿದ್ದೆ ಕಣಮ್ಮ. ಬಾಲ ನೋಡಿ ಅಂತ ಬರೆದವನು ನಾನೇ ಅಲ್ವಾ. ಹೋಗಿ, ತಪ್ಪಾಯ್ತು ಅಂದೆ. ಇನ್ನೂ ಹತ್ತು ಮಾತು ನಾಲಿಗೆ ತುದೀಲಿತ್ತು. ನಿಮ್ಮತ್ತೆ ನೆನಪಾದ್ರು. ಬಾಯಿ ಮುಚ್ಕೊಂಡು ಕೂತೆ. ಕಾಲು ಗಂಟೆ. ನಾನು ಅಷ್ಟು ಹೊತ್ತು ಸುಮ್ನಿದ್ದದ್ದು ನೋಡಿ ಅವರಿಗೇ ಗಾಬರಿಯಾಗಿ, ಎದ್ದು ನನ್ನ ಕಣ್ಣು ಪರೀಕ್ಷೆ ಮಾಡಿಬಿಟ್ರು."

"ಬರ್ತಾರಂತಾ?"

"ಕೇಳಲಿಲ್ಲಮ್ಮ. ಜೀವ ಹೋದಂಗಾಯ್ತು, ಆದ್ರೂ ಕೇಳಲಿಲ್ಲ."

ಭಾನುವಾರ ನಾನೂ ಚರ್ಚಿಗೆ ಹೊರಟೆ. ಹೆರಿಗೆಯಾದ ಮೇಲೆ ಮೊದಲನೆಯ ಸಲ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಬಾಟಲಿ, ಒಂದು ರಬ್ಬರ್ ಜಿರಾಫೆ. ಬಾಗಿಲು ದಾಟಿದ ಕೂಡಲೇ ಕಣ್ಣು ಹೋದದ್ದು ಕಪ್ಪು ಹಲಗೆಗೆ. ಮೂರು ಸಂಖ್ಯೆ, ಮೂರು ಮೊದಲ ಸಾಲು. ಎಲ್ಲ ಅಕ್ಷರಕ್ಕೂ ಬೆಕ್ಕಿನ ಬಾಲ.

ನಾನು ಅತ್ತೆಯ ತೋಳು ಹಿಡಿದೆ. ಅವರು ಹಲಗೆಯನ್ನು ಒಮ್ಮೆ ನೋಡಿ, ತಮ್ಮ ಚೀಟಿಪೆಟ್ಟಿಗೆಯ ಬೀಗ ತೆಗೆಯಲು ಹೋದರು.

ಆರ್ಗನ್ ಹಿಂದಿನ ಮೂಲೆಯಲ್ಲಿದೆ, ನಾವೆಲ್ಲ ಅದಕ್ಕೆ ಬೆನ್ನು ಹಾಕಿ ಕೂರುತ್ತೇವೆ. ಹಾಡು ಶುರುವಾಯಿತು. ಗಂಡಸರೂ ಹೆಂಗಸರೂ ಒಂದೇ ಚರಣದಲ್ಲಿ ಇದ್ದರು. ಆಮೇಲೆ ಅತ್ತೆ ಎದ್ದರು. ಆ ದಿನ ಹದಿನೈದು ಚೀಟಿ. ಮಂಡಿನೋವು ಇತ್ತು. ಕೆಲಸ ಹುಡುಕುತ್ತಿರುವ ಮಗಳಿದ್ದಳು. ಏಳನೆಯದನ್ನು ಬಿಡಿಸಿ ಅದೇ ಧ್ವನಿಯಲ್ಲಿ ಓದಿದರು: "ಆ ಕಡೆ ಕೇಳುವವರು ಇದ್ದಾರೆಯೇ ಎಂದು ಈಗಲೂ ತಿಳಿಯುತ್ತಿಲ್ಲ. ಆದರೂ ಬಂದಿದ್ದೇನೆ. ಪ್ರಾರ್ಥಿಸಿ."

"ಕರ್ತನೇ, ಆಲಿಸು," ಎಂದೆವು. ಯಾರೂ ಹಿಂತಿರುಗಿ ನೋಡಲಿಲ್ಲ. ಅದಕ್ಕೆ ಎಷ್ಟು ಕಷ್ಟಪಟ್ಟರೆಂದರೆ ಔಷಧಿ ಅಂಗಡಿಯವರ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಇಡೀ ಸಭೆಯಲ್ಲಿ ತಿರುಗಿ ನೋಡಿದವಳು ನನ್ನ ಹೆಗಲ ಮೇಲಿದ್ದ ಸಾಸಿವೆ ಒಬ್ಬಳೇ, ಅವಳು ನೋಡಿ ನಕ್ಕಳು ಕೂಡ.

ಅತ್ತೆ ಎಂಟನೆಯದನ್ನು ಬಿಡಿಸಿದರು. "ಪ್ರಾರ್ಥನೆ ಮಾಡುವಾಗ ಗೋಡೆಯ ಜೊತೆ ಮಾತಾಡಿದಂತೆ ಅನ್ನಿಸುತ್ತದೆ." ಹನ್ನೊಂದನೆಯದು: "ಅಪ್ಪ ಹೋದ ಮೇಲೆ ನಂಬಿಕೆ ಅಲುಗಾಡುತ್ತಿದೆ, ಮನೆಯಲ್ಲಿ ಹೇಳಲಾಗದು." ಹದಿಮೂರನೆಯದು ಎರಡೇ ಪದ: "ನನಗೂ ಸಂಶಯ." ಒಂದೊಂದಕ್ಕೂ ನಾವು ಆಲಿಸು ಎಂದೆವು. ಹದಿಮೂರಕ್ಕೆ ಬರುವಷ್ಟರಲ್ಲಿ ಹಿಂದಿನ ಮೂಲೆಯಿಂದಲೂ ಒಂದು ಗಂಡು ಧ್ವನಿ ನಮ್ಮ ಜೊತೆ ಸೇರಿಕೊಂಡಿತ್ತು.

ಮಧ್ಯಾಹ್ನ ನಾಲ್ಕು ಜನ ಬಂದಿದ್ದು ನಿಜ. ಆರ್ಗನ್ನಿನ ಕೆಳಗೆ ಕಸ ಗುಡಿಸಿ, ಕಾಲೊತ್ತುವ ಹಲಗೆಗೆ ಎಣ್ಣೆ ಬಿಟ್ಟು ಮನೆಗೆ ಹೋದರು.

ಮನೆಯಲ್ಲಿ ಅತ್ತೆ ಬೋಗುಣಿಯ ನೀರಿಗೆ ಹದಿನೈದು ಚೀಟಿಗಳನ್ನೂ ಹಾಕಿ ಹಿಸುಕುತ್ತಿದ್ದರು. ಹೊಸ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನನ್ನ ಗಂಡ ಬಾಗಿಲಿಗೆ ಒರಗಿ ನಿಂತು, ಎಷ್ಟೋ ಹೊತ್ತು ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟರು.

"ಅಮ್ಮ, ಹದಿಮೂರನೇದು ಯಾರದ್ದು?"

ಅತ್ತೆ ಕಾಗದದ ಮುದ್ದೆಯನ್ನು ಗಟ್ಟಿಯಾಗಿ ಹಿಂಡಿದರು.

"ನನಗೇನು ಗೊತ್ತು. ನಾನು ಆ ಲೈನಲ್ಲಿ ಇರ್ಲಿಲ್ಲ. ಹೋಗು, ಮಗೂನ ಎತ್ಕೋ, ನಿನ್ನ ಹೆಂಡ್ತಿ ಡೈರೀಲಿ ಎರಡು ಸಾಲು ಬರ್ಕೊಳ್ಲಿ."